ಬಾಗಿಲು ಹಾಕಿಕೊಂಡು ಆಡಿದ ಪಂದ್ಯ: ಕೋಚ್ ಜಾನ್ ಮೆಕ್ಲೆಂಡನ್

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಆಟೋಟದ ಬಗ್ಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಶಾಲೆ ಗೆದ್ದ ಕಪ್ಪುಗಳ ಪಟ್ಟಿಯನ್ನು ಬೇರೆಯವರು ಬರೆಯುತ್ತಿದ್ದಾರೆಂದು ತಿಳಿಯಿತು, ಸಂತೋಷ. ಈ ಶಾಲೆಯಲ್ಲಿ ಓದಿ, ಮುಂದೆ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದ ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. ಮಳೆ ಬಂದು ಮೈದಾನ ಕೆಸರಾದ ದಿನ ಪಿ.ಟಿ. ಪೀರಿಯಡ್ಡಿನಲ್ಲಿ ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿಕೊಂಡು ನಾನು ಹೇಳುತ್ತಿದ್ದ ಚರಿತ್ರೆ ಇದು. ನನ್ನ ಕೈಕೆಳಗೆ ಕಲಿತವರಲ್ಲಿ ಕೆಲವರಿಗಾದರೂ ಇದು ನೆನಪಿರಬಹುದು. ಅಮೆರಿಕದ ಒಬ್ಬ ಕಾಲೇಜು ಬ್ಯಾಸ್ಕೆಟ್‌ಬಾಲ್ ಕೋಚ್‌ನ ಚರಿತ್ರೆ. ಅವರ ಹೆಸರು ಜಾನ್ ಮೆಕ್ಲೆಂಡನ್.

ಅವರ ಕಥೆಗೆ ಮೊದಲು ಆಟದ ಕಥೆ ಹೇಳಬೇಕು. ಹಲವು ಆಟಗಳ ಹುಟ್ಟು ಕಾಲದ ಮರೆಯಲ್ಲಿದೆ. ಕಬಡ್ಡಿಯನ್ನು, ಖೋಖೋವನ್ನು ಕಂಡುಹಿಡಿದವರು ಯಾರೆಂದು ಕೇಳಿದರೆ ಉತ್ತರವಿಲ್ಲ. ಬ್ಯಾಸ್ಕೆಟ್‌ಬಾಲಿಗೆ ಊರು, ಹೆಸರು, ತಿಂಗಳು ಎಲ್ಲವೂ ಇದೆ. 1891ರ ಡಿಸೆಂಬರ್‌ನಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಮೇಷ್ಟ್ರು ಇದನ್ನು ಕಟ್ಟಿದರು. ಅವರು ಕೆನಡಾದವರು, ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು. ಹೊರಗೆ ಹಿಮ ಬೀಳುವ ಕಾಲದಲ್ಲಿ ಒಳಗೆ ಕೂತು ಬೇಸತ್ತಿದ್ದ 18 ಹುಡುಗರಿಗೆ ಏನಾದರೂ ಆಟ ಬೇಕಿತ್ತು. ಜಿಮ್‌ನ ಮೇಲಂತಸ್ತಿನ ಕಟಕಟೆಗೆ ಪೀಚ್ ಹಣ್ಣು ತುಂಬುವ ಎರಡು ಕುಕ್ಕೆಗಳನ್ನು ಹೊಡೆಸಿದರು. ಕಟಕಟೆ ನೆಲದಿಂದ 10 ಅಡಿ ಎತ್ತರದಲ್ಲಿತ್ತು, ಆದ್ದರಿಂದ ಇವತ್ತಿಗೂ ಪ್ರಪಂಚದ ಎಲ್ಲ ರಿಂಗುಗಳೂ 10 ಅಡಿ ಎತ್ತರದಲ್ಲಿವೆ. ಕಡೆಗೆ ಮೊದಲ ಆಟದ ಸ್ಕೋರು 1-0. ಕುಕ್ಕೆಗೆ ತಳ ಇದ್ದುದರಿಂದ ಏಣಿ ಹಾಕಿ ಚೆಂಡು ತೆಗೆಯಬೇಕಿತ್ತು. ಸಂತೆಮಾಳದಲ್ಲಿ ಟೊಮೇಟೊ ಕುಕ್ಕೆ ಹೊತ್ತ ಮಕ್ಕಳಿಗೆ ಈ ಭಾಗ ಹೇಳಿದಾಗ ನಗು ತಡೆಯುತ್ತಿರಲಿಲ್ಲ.

ನೈಸ್ಮಿತರು 13 ನಿಯಮ ಬರೆದರು. ಚೆಂಡು ಹಿಡಿದು ಓಡಬಾರದು, ಭುಜದಿಂದ ತಳ್ಳಬಾರದು, ಹಿಡಿಯಬಾರದು, ಹೊಡೆಯಬಾರದು. ಗುರಿಯನ್ನು ತಲೆಯ ಮೇಲಿಟ್ಟರೆ ಚೆಂಡನ್ನು ಜೋರಾಗಿ ಬೀಸಿ ಪ್ರಯೋಜನವಿಲ್ಲ, ಮೆಲ್ಲಗೆ ತೂಗಿ ಎಸೆಯಬೇಕಾಗುತ್ತದೆ ಎಂಬುದು ಅವರ ಲೆಕ್ಕ. ಒರಟುತನ ತಗ್ಗಿಸಲೆಂದೇ ಕೂತು ಯೋಚಿಸಿ ಮಾಡಿದ ಆಟ ನನಗೆ ತಿಳಿದಂತೆ ಇದೊಂದೇ.

ವೈ.ಎಂ.ಸಿ.ಎ. ಹೋದಲ್ಲೆಲ್ಲ ಆಟವೂ ಹೋಯಿತು. ಕೆಲವೇ ವರ್ಷಗಳಲ್ಲಿ ಅದು ಕಲ್ಕತ್ತೆಗೆ ಬಂತು. 1920ರಲ್ಲಿ ಹ್ಯಾರಿ ಕ್ರೋ ಬಕ್ ಎಂಬುವರು ಮದ್ರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ತರಬೇತಿ ಶಾಲೆ ತೆರೆದರು. ದಕ್ಷಿಣದ ಡ್ರಿಲ್ ಮಾಸ್ತರುಗಳ ಪರಂಪರೆಗೆ ಅದೇ ಮೂಲ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರೆಯಾದ ನಮ್ಮ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆಯ ಭಾಗ 1956ರವರೆಗೂ ಮದ್ರಾಸಿನ ಆಡಳಿತದಲ್ಲೇ, ಕೊಯಮತ್ತೂರು ಜಿಲ್ಲೆಯಲ್ಲಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರಿನತ್ತ ಮುಖ ಮಾಡಿದ್ದರೆ ಆ ಕಡೆಯವರು ಮದ್ರಾಸಿನತ್ತ ನೋಡುತ್ತಿದ್ದರು.

ನೈಸ್ಮಿತರು 1898ರಲ್ಲಿ ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ತಂಡಕ್ಕೆ ಕೋಚ್ ಕೂಡ ಅವರೇ. ಗೆದ್ದದ್ದು 55, ಸೋತದ್ದು 60. ಆ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್‌ಗಳ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವುದು ಆಟವನ್ನು ಕಂಡುಹಿಡಿದವರೊಬ್ಬರಿಗೇ! ಈ ಆಟವನ್ನು ಆಡುವುದಷ್ಟೇ, ಅದಕ್ಕೆ ಕೋಚಿಂಗ್ ಎಂಬುದೊಂದು ಏಕೆ ಬೇಕು ಎಂಬುದು ಅವರ ನಿಲುವಾಗಿತ್ತಂತೆ. ಅವರ ಶಿಷ್ಯ ಫಾಗ್ ಆಲೆನ್ ಆ ಮಾತನ್ನು ಒಪ್ಪದೆ ಅದೇ ಕಾನ್ಸಾಸಿನಲ್ಲಿ ಕೋಚ್ ಆಗಿ ದೊಡ್ಡ ಹೆಸರು ಮಾಡಿದರು. ನೈಸ್ಮಿತರು ಪಾಠ ಹೇಳಿಕೊಂಡು ಉಳಿದರು.

1933ರಲ್ಲಿ ಆ ವಿಶ್ವವಿದ್ಯಾಲಯಕ್ಕೆ 18 ವರ್ಷದ ಕಪ್ಪು ವರ್ಣೀಯ ಹುಡುಗನೊಬ್ಬ ಬಂದ. ಕಾನ್ಸಾಸ್ ರಾಜ್ಯದ ಹಯವಾತ ಎಂಬ ಊರಿನಲ್ಲಿ 1915ರ ಏಪ್ರಿಲ್ 5ರಂದು ಹುಟ್ಟಿದವನು. ತಾಯಿ 1918ರ ಫ್ಲೂ ಮಹಾಮಾರಿಯಲ್ಲಿ ತೀರಿಹೋಗಿದ್ದರು. ಶಾಲೆಯಲ್ಲಿದ್ದಾಗ ಹೊಸದಾಗಿ ಕಟ್ಟಿದ ಜಿಮ್ ನೋಡಲು ಕರೆದುಕೊಂಡು ಹೋದಾಗ ಅಲ್ಲಿ ಚೆಂಡು ಎಸೆಯುವುದನ್ನು ಕಂಡು, ಬದುಕಿನಲ್ಲಿ ಮಾಡಬೇಕಾದ್ದು ಇದೇ ಎಂದು ನಿಶ್ಚಯಿಸಿಕೊಂಡವನು. ಹೈಸ್ಕೂಲು ತಂಡಕ್ಕೆ ಆಯ್ಕೆಯಾಗದೆ, ತಂಡದ ಮ್ಯಾನೇಜರ್ ಆಗಿ ಸಾಮಾನು ನೋಡಿಕೊಂಡು ಆಟ ಕಲಿತವನು. ಕೋಚ್ ಆಗಬೇಕಾದರೆ ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದವರ ಹತ್ತಿರವೇ ಹೋಗು ಎಂದು ತಂದೆ ಕಳುಹಿಸಿದರು. ಹುಡುಗ ನೇರವಾಗಿ ನೈಸ್ಮಿತರ ಕೋಣೆಗೆ ಹೋಗಿ, ನೀವು ನನ್ನ ಮಾರ್ಗದರ್ಶಕರು ಎಂದ. ಹಾಗೆಂದು ಯಾರು ಹೇಳಿದರು ಎಂದು ಕೇಳಿದರೆ, ನಮ್ಮ ಅಪ್ಪ ಅಂದ. ಅಪ್ಪ ಹೇಳಿದ ಮೇಲೆ ಮುಗಿಯಿತು, ಬಾ ಎಂದರಂತೆ ಮುದುಕರು. ಆಗ ಅವರಿಗೆ 70 ದಾಟಿತ್ತು.

ದೈಹಿಕ ಶಿಕ್ಷಣ ವಿದ್ಯಾರ್ಥಿಯಾದರೂ ಹುಡುಗ ಕಾನ್ಸಾಸ್ ತಂಡದಲ್ಲಿ ಆಡುವಂತಿರಲಿಲ್ಲ. ತಂಡ ಬಿಳಿಯರದು. ಅಲ್ಲಿ ಮೊದಲ ಕಪ್ಪು ಆಟಗಾರ ಅಂಗಿ ತೊಟ್ಟದ್ದು 1950ರ ದಶಕ ಹುಟ್ಟಿದ ಮೇಲೆ. ಈಜು ಪರೀಕ್ಷೆಯದು ಇನ್ನೊಂದು ಕಥೆ. ಪದವಿಗೆ ಈಜು ಕಡ್ಡಾಯ. ನೀನು ನೀರಿಗೆ ಇಳಿಯದಿದ್ದರೂ ಸರಿ, ಅಂಕ ಕೊಟ್ಟುಬಿಡುತ್ತೇವೆ ಎಂಬ ಮಾತು ಬಂತು. ಬಿಟ್ಟಿ ಅಂಕ ಬೇಡ ಎಂದು ಮೆಕ್ಲೆಂಡನ್ ಕೊಳಕ್ಕೆ ಇಳಿದ. ಅವನು ಈಜಿ ಹತ್ತಿದ ಮೇಲೆ ಕೊಳದ ನೀರನ್ನೆಲ್ಲ ಖಾಲಿ ಮಾಡಿಸಿದರು.

ಈ ಭಾಗಕ್ಕೆ ಬಂದಾಗ ಜಗುಲಿಯಲ್ಲಿ ಕೂತ ಮಕ್ಕಳು ಸುಮ್ಮನಾಗುತ್ತಿದ್ದರು. ವಿವರಿಸಿ ಹೇಳುವ ಅಗತ್ಯ ಬರುತ್ತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡ್‌ನಲ್ಲಿ ಸಾವಿರಾರು ಜನರ ಜೊತೆ ಚವದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಆ ಕೆರೆಗೆ ಗಂಜಲ, ಸಗಣಿ ಸುರಿದು ಶುದ್ಧಿ ಮಾಡಿದರು. ಆರೇಳು ವರ್ಷಗಳ ಅಂತರದಲ್ಲಿ, ಎರಡು ದೇಶಗಳಲ್ಲಿ, ಒಂದೇ ನೀರಿನ ಕಥೆ. ನಾನು ಆಡುವ ಕಾಲದಲ್ಲಿ ಒಂದು ಊರಿಗೆ ಪಂದ್ಯಕ್ಕೆ ಹೋಗಿದ್ದೆವು. ಊರಿನ ಹೆಸರು ಬೇಡ. ಗೆದ್ದು ಬಂದು ಕೂತಾಗ ತಂಡದ ಕೆಲವರಿಗೆ ಚೊಂಬಿನಲ್ಲಿ ನೀರು ಕೊಟ್ಟರು, ಹಾಸ್ಟೆಲಿನಿಂದ ಬಂದಿದ್ದ ಇಬ್ಬರಿಗೆ ಮೇಲಿನಿಂದ ಬೊಗಸೆಗೆ ಸುರಿದರು. ಮೈದಾನದೊಳಗೆ ಒಬ್ಬರನ್ನೊಬ್ಬರು ತಬ್ಬಿ ಹಿಡಿದು ಕಬಡ್ಡಿ ಆಡಿದವರು ಗೆರೆ ದಾಟಿದ ಕೂಡಲೇ ಬೇರೆ ಬೇರೆಯಾದರು. ಧಾರವಾಡದಲ್ಲಿ ಹುಟ್ಟಿದ ಪಾಲವಣಕರ ಬಾಳೂ, 1911ರಲ್ಲಿ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದ ಬೌಲರ್, ಪುಣೆಯಲ್ಲಿ ಚಹಾ ಕುಡಿದದ್ದು ಪೆವಿಲಿಯನ್ನಿನ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ.

ಕೊಳದ ವಿಷಯದಲ್ಲಿ ಮೆಕ್ಲೆಂಡನ್ ಹಿಡಿದ ಪಟ್ಟು ಬಿಡಲಿಲ್ಲ, ನೈಸ್ಮಿತರು ಬೆನ್ನಿಗೆ ನಿಂತರು, ಕೊನೆಗೆ ಕೊಳ ಎಲ್ಲರಿಗೂ ತೆರೆಯಿತು. ತಂಡ ಮಾತ್ರ ತೆರೆಯಲಿಲ್ಲ. ನೈಸ್ಮಿತರು ಆ ವಿಷಯದಲ್ಲಿಯೂ ಇನ್ನಷ್ಟು ಗಟ್ಟಿ ದನಿ ಎತ್ತಬಹುದಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೆ ಆಟವನ್ನು ಅವರು ಕಲಿಸಿದ ರೀತಿ ಬೇರೆಯೇ. ಚೆಂಡು ಎಲ್ಲಿದೆಯೋ ಅಲ್ಲಿಂದಲೇ ಆಟ ಶುರು, ಅಂಕಣದ ಉದ್ದಕ್ಕೂ ಆಡಬೇಕು, ನಮ್ಮ ರಿಂಗಿನ ಕೆಳಗೆ ಬಂದು ಕಾಯುತ್ತ ನಿಲ್ಲಬಾರದು ಎಂಬ ಪಾಠವನ್ನು ಶಿಷ್ಯ ಜೀವಮಾನವಿಡೀ ಮರೆಯಲಿಲ್ಲ. 1936ರಲ್ಲಿ ಮೆಕ್ಲೆಂಡನ್ ಪದವಿ ಪಡೆದ. ಕಾನ್ಸಾಸಿನಲ್ಲಿ ದೈಹಿಕ ಶಿಕ್ಷಣ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ.

ಅದೇ 1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿತು. ನೈಸ್ಮಿತರು ಅಲ್ಲಿಗೆ ಹೋಗಿ ಕಣ್ತುಂಬ ನೋಡಿದರು. ಆಟ ನಡೆದದ್ದು ಬಯಲಿನಲ್ಲಿ, ಮಣ್ಣು ಮರಳಿನ ಟೆನಿಸ್ ಅಂಕಣದಲ್ಲಿ. ಫೈನಲ್ ದಿನ ಮಳೆ ಸುರಿದು ಕೆಸರಾಯಿತು, ಚೆಂಡು ಪುಟಿಯಲೇ ಇಲ್ಲ. ಅಮೆರಿಕ 19, ಕೆನಡಾ 8. ನಮ್ಮ ಕೆಮ್ಮಣ್ಣಿನ ಅಂಕಣವನ್ನು ನೋಡಿ ಮೂಗು ಮುರಿದವರಿಗೆ ನಾನು ಈ ಸ್ಕೋರನ್ನು ಹೇಳುತ್ತಿದ್ದೆ. 1939ರಲ್ಲಿ ನೈಸ್ಮಿತರು ತೀರಿಕೊಂಡರು.

ಮೆಕ್ಲೆಂಡನ್ ಅಯೋವಾದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಡರ್ಹಮ್ ಎಂಬ ಊರಿನ ನಾರ್ತ್ ಕೆರೊಲಿನ ಕಾಲೇಜಿಗೆ ಹೋದರು. ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಕಾಲೇಜು. ಮೊದಲು ಸಹಾಯಕ, 1940ರಿಂದ ಮುಖ್ಯ ಕೋಚ್. ಅಲ್ಲಿ ಅವರು ಕಟ್ಟಿದ ಆಟಕ್ಕೆ ಫಾಸ್ಟ್ ಬ್ರೇಕ್ ಎನ್ನುತ್ತಾರೆ. ಎದುರಾಳಿ ಎಸೆದ ಚೆಂಡು ರಿಂಗಿಗೆ ಬಡಿದು ಬಿದ್ದ ಕ್ಷಣ ಅದನ್ನು ಹಿಡಿದವನು ಪಕ್ಕದ ಗೆರೆಯ ಹತ್ತಿರ ನಿಂತವನಿಗೆ ಎಸೆಯಬೇಕು. ಅವನು ನಡುವಿಗೆ ತರಬೇಕು. ಅಷ್ಟರಲ್ಲಿ ಇನ್ನಿಬ್ಬರು ಎಡಬಲದ ಅಂಚಿನಲ್ಲಿ ಓಡಿ ಮೂರು ದಾರಿ ತುಂಬಿರಬೇಕು. ಎದುರಾಳಿ ತಿರುಗಿ ನೋಡುವುದರಲ್ಲಿ ಚೆಂಡು ಬುಟ್ಟಿಯಲ್ಲಿ. ಇದಕ್ಕೆ ಬೇಕಾದ್ದು ಉಸಿರು. ಸೀಸನ್ ಶುರುವಾಗುವ ಮೊದಲೇ ತಂಡವನ್ನು ಮೈಲಿಗಟ್ಟಲೆ ಓಡಿಸುತ್ತಿದ್ದರು. ಆ ಕಾಲದ ಬಹುಪಾಲು ಕೋಚ್‌ಗಳು ಚೆಂಡನ್ನು ಹಿಡಿದು, ನಿಂತು, ಅಳೆದು ಎಸೆಯುವುದೇ ಆಟವೆಂದು ತಿಳಿದಿದ್ದರು. ಹೀಗೆ ಓಡಿ ಆಡುವುದು ಅವರಿಗೆ ಅಡ್ಡಾದಿಡ್ಡಿಯಾಗಿ ಕಂಡಿತು.

"ಇದು ಉದ್ದಕಿರೋರ ಆಟ ಕಣ್ ಸಾ, ನಮ್ಗೆಲ್ಲಿ ಬತ್ತದ?" ಎಂದು ಕೇಳುವ ಹುಡುಗರು ಪ್ರತಿ ವರ್ಷವೂ ಇರುತ್ತಿದ್ದರು. ನಮ್ಮ ಕಡೆಯ ಮಕ್ಕಳು ಖೋಖೋದಲ್ಲಿ ಕಂಬ ಸುತ್ತಿ ತಿರುಗುವ ವೇಗವನ್ನು ಕಂಡವರಿಗೆ ಮೆಕ್ಲೆಂಡನ್ ಆಟ ಯಾಕೆ ನನಗೆ ಹಿಡಿಸಿತೆಂದು ತಿಳಿಯುತ್ತದೆ. ತೆರಕಣಾಂಬಿಯ ಕಡೆಯಿಂದ ದಿನಾ ಸೈಕಲ್ ತುಳಿದು ಬರುವವನಿಗೆ ಉಸಿರಿನ ಪಾಠ ಬೇರೆ ಬೇಡ. ರಿಂಗಿನ ಕೆಳಗೆ ನಿಂತು ಎತ್ತರದವರ ಜೊತೆ ಗುದ್ದಾಡುವ ಬದಲು, ಅವರು ಬರುವ ಮೊದಲೇ ಅಲ್ಲಿಗೆ ಹೋಗಿ ಮುಟ್ಟುವುದನ್ನು ಕಲಿಸಿದೆ. ಜಿಲ್ಲಾ ಮಟ್ಟದಲ್ಲಿ ಕೆಲವು ಸಲ ಗೆದ್ದೆವು, ಹಲವು ಸಲ ಸೋತೆವು. ಆ ಲೆಕ್ಕ ಬೇರೆ ಲೇಖನದಲ್ಲಿದೆ.

ಈಗ ಶೀರ್ಷಿಕೆಯ ಪಂದ್ಯಕ್ಕೆ ಬರುತ್ತೇನೆ. 1944, ಎರಡನೇ ಮಹಾಯುದ್ಧದ ಕಾಲ. ಡರ್ಹಮ್ ಊರಿನಲ್ಲೇ ಬಿಳಿಯರ ಡ್ಯೂಕ್ ವಿಶ್ವವಿದ್ಯಾಲಯ ಇತ್ತು. ಅದರ ವೈದ್ಯಕೀಯ ಶಾಲೆಗೆ ಸೈನ್ಯದ ಮೂಲಕ ಓದಲು ಬಂದಿದ್ದ ಹುಡುಗರಲ್ಲಿ ಹಿಂದೆ ಒಳ್ಳೊಳ್ಳೆಯ ಕಾಲೇಜುಗಳಿಗೆ ಆಡಿದವರಿದ್ದರು. ಅವರದೊಂದು ತಂಡ, ಬಹಳ ಬಲಶಾಲಿ. ಮೆಕ್ಲೆಂಡನ್ ತಂಡ ಆ ವರ್ಷ ಒಂದೇ ಪಂದ್ಯ ಸೋತಿತ್ತು. ಆದರೂ ರಾಷ್ಟ್ರಮಟ್ಟದ ಯಾವ ಪಂದ್ಯಾವಳಿಗೂ ಅವರಿಗೆ ಕರೆಯಿಲ್ಲ. ಎರಡೂ ಕಡೆಯ ಕೆಲವು ವಿದ್ಯಾರ್ಥಿಗಳು ವೈ.ಎಂ.ಸಿ.ಎ. ಪ್ರಾರ್ಥನಾ ಸಭೆಗಳಲ್ಲಿ ಗುಟ್ಟಾಗಿ ಸೇರುತ್ತಿದ್ದರು. ಅಲ್ಲಿಯೇ ನಮ್ಮ ತಂಡ ದೊಡ್ಡದು, ನಿಮ್ಮ ತಂಡ ದೊಡ್ಡದು ಎಂಬ ಮಾತು ಎದ್ದಿತು. ಹಾಗಿದ್ದರೆ ಆಡಿ ನೋಡೋಣ ಎಂದರು.

ಇದು ಹುಡುಗಾಟದ ಮಾತಾಗಿರಲಿಲ್ಲ. ಕಪ್ಪು, ಬಿಳಿ ಜನ ಒಂದೇ ಅಂಕಣದಲ್ಲಿ ಆಡುವುದನ್ನು ಆ ರಾಜ್ಯದ ಕಟ್ಟಳೆ ಒಪ್ಪುತ್ತಿರಲಿಲ್ಲ. ಅದೇ ವರ್ಷ ಜುಲೈ 8ರಂದು ಅದೇ ಡರ್ಹಮ್‌ನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟಿಗೆ ಹೋಗುವ ವಿಷಯದಲ್ಲಿ ಮಾತಿಗೆ ಮಾತು ಬೆಳೆದು ಬುಕರ್ ಸ್ಪೈಸ್ಲಿ ಎಂಬ ಕಪ್ಪು ಸೈನಿಕನನ್ನು ಬಿಳಿ ಡ್ರೈವರ್ ಗುಂಡಿಟ್ಟು ಕೊಂದ. ಜ್ಯೂರಿ ಅವನನ್ನು ಬಿಡುಗಡೆ ಮಾಡಿತು. ಪಂದ್ಯದ ವಿಷಯ ಹೊರಗೆ ಹೋದರೆ ಕೋಚ್‌ನ ಕೆಲಸ ಒಂದೇ ಅಲ್ಲ, ಪ್ರಾಣವೂ ಹೋಗಬಹುದಿತ್ತು.

ಮೆಕ್ಲೆಂಡನ್ ಆರಿಸಿದ ದಿನ 1944ರ ಮಾರ್ಚ್ 12, ಭಾನುವಾರ ಬೆಳಿಗ್ಗೆ. ಊರಿನವರೆಲ್ಲ, ಪೊಲೀಸರೂ ಸೇರಿದಂತೆ, ಚರ್ಚಿನಲ್ಲಿ ಇರುವ ಹೊತ್ತು. ವೈದ್ಯ ವಿದ್ಯಾರ್ಥಿಗಳು ಯಾರದೋ ಕಾರುಗಳನ್ನು ಎರವಲು ಪಡೆದು, ಸುತ್ತುಬಳಸಿ ದಾರಿ ಹಿಡಿದು, ಕೋಟನ್ನು ತಲೆಯ ಮೇಲೆ ಎಳೆದುಕೊಂಡು ಜಿಮ್‌ನೊಳಗೆ ಹೊಕ್ಕರು. ಬಾಗಿಲಿಗೆ ಬೀಗ ಬಿತ್ತು. ಒಳಗೆ ಪ್ರೇಕ್ಷಕರಿಲ್ಲ. ರೆಫರಿ ಇದ್ದ, ಗಡಿಯಾರ ನೋಡುವವನಿದ್ದ. ಹೇಗೋ ಸುಳಿವು ಸಿಕ್ಕ ಕೆಲವು ವಿದ್ಯಾರ್ಥಿಗಳು ಹೊರಗಿನಿಂದ ಕಿಟಕಿಗೆ ಹತ್ತಿ ನೋಡಿದರಂತೆ.

ಮೊದಲ ಕೆಲವು ನಿಮಿಷ ಎರಡೂ ತಂಡದ ಕೈ ನಡುಗಿತು, ಸುಲಭದ ಎಸೆತಗಳೂ ತಪ್ಪಿದವು. ಬಿಳಿಯರ ಮೈ ತಾಗಿಸಿಕೊಂಡು ಆಡಿದ ಅನುಭವ ಆ ಹುಡುಗರಿಗೆ ಇರಲಿಲ್ಲ. ತಾಗಿದರೆ ಏನಾಗುತ್ತದೋ ಎಂಬ ಭಯ ಚಿಕ್ಕಂದಿನಿಂದ ಮೈಗಂಟಿದ್ದು. ಆಮೇಲೆ ಓಟ ಶುರುವಾಯಿತು. ನಿಂತು ಆಡುವ ಆಟಕ್ಕೆ ಒಗ್ಗಿದ್ದ ವೈದ್ಯ ವಿದ್ಯಾರ್ಥಿಗಳಿಗೆ ಅದನ್ನು ಹಿಡಿಯಲಾಗಲಿಲ್ಲ. ಕೊನೆಗೆ 88-44. ಸರಿಯಾಗಿ ಎರಡರಷ್ಟು.

ನನಗೆ ಆ ಸ್ಕೋರಿಗಿಂತ ಹೆಚ್ಚು ಇಷ್ಟವಾದದ್ದು ಆಮೇಲಿನದು. ಸುಧಾರಿಸಿಕೊಂಡ ಮೇಲೆ ಇನ್ನೊಂದು ಆಟ ಆಡೋಣ ಎಂದರು. ಈ ಸಲ ಆಟಗಾರರನ್ನು ಬೆರೆಸಿದರು. ಒಂದು ತಂಡ ಅಂಗಿ ತೊಟ್ಟು, ಇನ್ನೊಂದು ಬರಿಮೈಯಲ್ಲಿ. ನಮ್ಮ ಹುಡುಗರು ಸಂಜೆ ಹೊತ್ತು ಬನಿಯನ್ ತೊಟ್ಟವರು ಒಂದು ಕಡೆ, ಬಿಚ್ಚಿದವರು ಒಂದು ಕಡೆ ಎಂದು ಪಾಲು ಮಾಡಿಕೊಳ್ಳುತ್ತಾರಲ್ಲ, ಹಾಗೆಯೇ. ಎರಡೂ ಕಡೆ ಎರಡೂ ಬಣ್ಣದವರು. ಮುಗಿದ ಮೇಲೆ ಹಾಸ್ಟೆಲಿಗೆ ಹೋಗಿ ಕೂತು ಮಾತಾಡಿ, ಬಂದ ದಾರಿಯಲ್ಲೇ ಹೊರಟುಹೋದರು.

ಯಾರೂ ಬಾಯಿ ಬಿಡಲಿಲ್ಲ. ಸುದ್ದಿ ತಿಳಿದಿದ್ದ ಊರಿನ ಕಪ್ಪು ಜನರ ಪತ್ರಿಕೆಯ ವರದಿಗಾರನೂ ಕೋಚ್‌ಗೆ ಕೊಟ್ಟ ಮಾತಿನಂತೆ ಒಂದು ಸಾಲೂ ಬರೆಯಲಿಲ್ಲ. ಐವತ್ತೆರಡು ವರ್ಷ! 1996ರಲ್ಲಿ ಸ್ಕಾಟ್ ಎಲ್ಸ್‌ವರ್ತ್ ಎಂಬ ಇತಿಹಾಸಕಾರ ಆಗ ವೃದ್ಧರಾಗಿದ್ದ ಆಟಗಾರರನ್ನು ಹುಡುಕಿ ಮಾತಾಡಿಸಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆದಾಗ ಲೋಕಕ್ಕೆ ತಿಳಿಯಿತು. ನಮ್ಮ ಶಾಲೆಯ ಇಡೀ ಆಯಸ್ಸಿಗಿಂತ ಎರಡು ವರ್ಷ ಹೆಚ್ಚು ಕಾಲ ಆ ಗುಟ್ಟು ಗುಟ್ಟಾಗಿಯೇ ಇತ್ತು.

ಮುಂದಿನದನ್ನು ಬೇಗ ಹೇಳುತ್ತೇನೆ. 1946ರಲ್ಲಿ ಕಪ್ಪು ಕಾಲೇಜುಗಳ ಸಂಘ ವಾಷಿಂಗ್ಟನ್ನಿನಲ್ಲಿ ತನ್ನದೇ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಶುರುಮಾಡಿತು. ಅದನ್ನು ಕಟ್ಟಿದವರಲ್ಲಿ ಮೆಕ್ಲೆಂಡನ್ ಒಬ್ಬರು, ಮೊದಲ ವರ್ಷ ಗೆದ್ದದ್ದೂ ಅವರ ತಂಡವೇ. 1954ರಲ್ಲಿ ನ್ಯಾಶ್‌ವಿಲ್‌ನ ಟೆನ್ನೆಸ್ಸೀ ಎ ಅಂಡ್ ಐ ಕಾಲೇಜಿಗೆ ಹೋದರು. ಎನ್.ಎ.ಐ.ಎ. ಎಂಬ ಕಾಲೇಜು ಸಂಸ್ಥೆ 1953ರಲ್ಲಿ ಕಪ್ಪು ಕಾಲೇಜುಗಳಿಗೆ ತನ್ನ ರಾಷ್ಟ್ರೀಯ ಪಂದ್ಯಾವಳಿಯ ಬಾಗಿಲು ತೆರೆದಿತ್ತು. ಅಂಥ ಸಂಸ್ಥೆಗಳಲ್ಲಿ ಅದೇ ಮೊದಲು. ಆಡಲು ಕರೆದರೆ ಸಾಲದು, ಬೇರೆ ತಂಡಗಳು ಇಳಿಯುವ ಹೋಟೆಲಿನಲ್ಲೇ ನನ್ನ ಹುಡುಗರಿಗೂ ಕೋಣೆ ಕೊಡಬೇಕು, ಅವರು ಉಣ್ಣುವಲ್ಲೇ ಊಟ ಹಾಕಬೇಕು ಎಂದು ಮೆಕ್ಲೆಂಡನ್ ಷರತ್ತು ಹಾಕಿ ಗೆದ್ದರು. ಕೂಗಾಡದೆ, ಮೊದಲೇ ಕಾಗದದಲ್ಲಿ ಬರೆಸಿಕೊಳ್ಳುವಷ್ಟು ಲೆಕ್ಕಾಚಾರದ ಮನುಷ್ಯ. 1957, 1958, 1959, ಮೂರು ವರ್ಷ ಸಾಲಾಗಿ ರಾಷ್ಟ್ರೀಯ ಪ್ರಶಸ್ತಿ. ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನಲ್ಲಿ ಯಾವ ಬಣ್ಣದ ಕೋಚ್ ಕೂಡ ಅದುವರೆಗೆ ಅದನ್ನು ಮಾಡಿರಲಿಲ್ಲ.

ಆಮೇಲೆ ಕ್ಲೀವ್‌ಲ್ಯಾಂಡ್ ಪೈಪರ್ಸ್ ಎಂಬ ತಂಡಕ್ಕೆ ಕೋಚ್ ಆಗಿ, ಆ ತಂಡ 1961ರಲ್ಲಿ ವೃತ್ತಿಪರ ಲೀಗಿಗೆ ಸೇರಿದಾಗ ಕಪ್ಪು ಬಿಳಿ ಬೆರೆತ ವೃತ್ತಿಪರ ತಂಡಕ್ಕೆ ಮೊದಲ ಕಪ್ಪು ಕೋಚ್ ಆದರು. ಆಟಗಾರರಿಗೆ ಸಂಬಳ ಸರಿಯಾಗಿ ಬರದಿದ್ದಾಗ ಸೀಸನ್ನಿನ ನಡುವೆಯೇ ರಾಜೀನಾಮೆ ಕೊಟ್ಟು ಹೊರಬಂದರು. 1966ರಲ್ಲಿ ಕ್ಲೀವ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯ ಅವರನ್ನು ನೇಮಿಸಿಕೊಂಡಿತು. ಬಿಳಿಯ ವಿದ್ಯಾರ್ಥಿಗಳೇ ಹೆಚ್ಚಿದ್ದ ವಿಶ್ವವಿದ್ಯಾಲಯಕ್ಕೆ ಕಪ್ಪು ವರ್ಣೀಯರೊಬ್ಬರು ಮುಖ್ಯ ಕೋಚ್ ಆದದ್ದು ಅದೇ ಮೊದಲು. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ ಕೋಚಿಂಗ್ ಬಳಗದಲ್ಲಿ ಇದ್ದರು. 1965ರಲ್ಲಿ ಫಾಸ್ಟ್ ಬ್ರೇಕ್ ಆಟದ ಬಗ್ಗೆ ಪುಸ್ತಕ ಬರೆದರು. ಅಡ್ಡಾದಿಡ್ಡಿ ಎನಿಸಿಕೊಂಡಿದ್ದ ಆಟವನ್ನು ಅಷ್ಟರಲ್ಲಿ ಎಲ್ಲರೂ ಆಡತೊಡಗಿದ್ದರು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ನೈಸ್ಮಿತರ ಹೆಸರಿನಲ್ಲಿ ಬ್ಯಾಸ್ಕೆಟ್‌ಬಾಲ್ ಕೀರ್ತಿಭವನ ಇದೆ. 1979ರಲ್ಲಿ ಮೆಕ್ಲೆಂಡನ್ ಅವರನ್ನು ಅಲ್ಲಿಗೆ ಸೇರಿಸಿಕೊಂಡರು. ಆದರೆ ಕೋಚ್ ಎಂದಲ್ಲ, ಆಟಕ್ಕೆ ಕೊಡುಗೆ ಕೊಟ್ಟವರು ಎಂಬ ವಿಭಾಗದಲ್ಲಿ. ಮೂರು ರಾಷ್ಟ್ರೀಯ ಪ್ರಶಸ್ತಿ ಗೆದ್ದವರನ್ನು ಕೋಚ್ ಎಂದು ಕರೆಯಲು ಅವರಿಗೆ ಮನಸ್ಸು ಬಂದದ್ದು 2016ರಲ್ಲಿ. ಅವರು 1999ರ ಅಕ್ಟೋಬರ್ 8ರಂದೇ ತೀರಿಹೋಗಿದ್ದರು.

ಟೆನ್ನೆಸ್ಸೀ ತಂಡದಲ್ಲಿ ಡಿಕ್ ಬಾರ್ನೆಟ್ ಎಂಬ ಆಟಗಾರನಿದ್ದ. ಮುಂದೆ ನ್ಯೂಯಾರ್ಕ್ ನಿಕ್ಸ್ ತಂಡದಲ್ಲಿ ಆಡಿ 1970 ಮತ್ತು 1973ರಲ್ಲಿ ಎನ್.ಬಿ.ಎ. ಪ್ರಶಸ್ತಿ ಗೆದ್ದು, ಬಿಡುವಾದ ಮೇಲೆ ಓದಿ ಡಾಕ್ಟರೇಟ್ ಪಡೆದವರು. ತಮ್ಮ ಕಾಲೇಜು ತಂಡವನ್ನು ಕೀರ್ತಿಭವನ ಗುರುತಿಸಬೇಕೆಂದು ಅವರು ವರ್ಷಗಟ್ಟಲೆ ಓಡಾಡಿದರು. 2019ರಲ್ಲಿ 1957ರಿಂದ 1959ರವರೆಗಿನ ಆ ತಂಡವನ್ನು ಒಟ್ಟಾಗಿ ಸೇರಿಸಿಕೊಂಡರು. ಆಗ ಬಾರ್ನೆಟ್ ಅವರಿಗೆ ಎಂಬತ್ತು ದಾಟಿತ್ತು.